ಲೋಕಲ್ ರೈಲು ಕಡಲು ಮುಟ್ಟುವ ಊರು

ಅಪ್ಪ ಎಲ್ಲಿಗೆ ಹೋದರೂ ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಲೆಕ್ಕದ ಪುಸ್ತಕ ಇರುತ್ತದೆ. ಮಲ್ಪೆಯ ಸಹಕಾರಿ ಸಂಘವೊಂದರಲ್ಲಿ ಮೂವತ್ತು ವರ್ಷ ಜಮಾ ಖರ್ಚು ಬರೆದವರು. ನಿವೃತ್ತಿಯ ನಂತರವೂ ದಿನದ ಕೊನೆಗೆ ಐದು ನಿಮಿಷ ಕೂತು ಬರೆಯದೆ ಮಲಗುವುದಿಲ್ಲ. 2018ರ ಬೇಸಿಗೆಯಲ್ಲಿ ಅಪ್ಪ, ಅಮ್ಮ ಮೊದಲ ಬಾರಿ ಜರ್ಮನಿಗೆ, ಕಲೋನ್‌ನಲ್ಲಿರುವ ನಮ್ಮ ಮನೆಗೆ ಬಂದಾಗ ಅವರನ್ನು ಆರು ದಿನ ಮೆಡಿಟರೇನಿಯನ್ ಕರಾವಳಿಗೆ ಕರೆದುಕೊಂಡು ಹೋಗಿದ್ದೆವು. ಆ ಪ್ರವಾಸದ ಲೆಕ್ಕವಿರುವ ಎರಡು ಪುಟಗಳ ಫೋಟೊ ಇವತ್ತಿಗೂ ನನ್ನ ಮೊಬೈಲಿನಲ್ಲಿದೆ. ಹೋಗುವ ವಿಮಾನ, ಐದು ಜನ, 95 ಯೂರೋ. ಚೀಲಗಳಿಗೆ ಗೇಟಿನಲ್ಲಿ ಕಟ್ಟಿದ್ದು, 100. ಬಸ್ಸು, 80. ನಡುರಾತ್ರಿ ಎರಡು ಟ್ಯಾಕ್ಸಿ, 52. ಹೀಗೆ ಸಾಗುವ ಪಟ್ಟಿಯ ಕೊನೆಗೆ ಮೊತ್ತ ಹಾಕಿ ಗೆರೆ ಎಳೆದ ಮೇಲೆ, ಲೆಕ್ಕಕ್ಕೆ ಸೇರದ ಒಂದು ಸಾಲಿದೆ: 'ಸಮುದ್ರ: ರೈಲಿನಿಂದ ಕಂಡಿತು.'

ಅದರಲ್ಲಿ ದೂರಿಲ್ಲ. ಅಪ್ಪ ಕಂಡದ್ದನ್ನು ಬರೆದಿದ್ದಾರೆ, ಅಷ್ಟೇ. ಆದರೆ ಆ ಸಾಲು ನನ್ನನ್ನು ಆರು ವರ್ಷ ಬಿಡಲಿಲ್ಲ. ಅಮ್ಮ ಮಲ್ಪೆಯಲ್ಲೇ ಹುಟ್ಟಿ, ಮಲ್ಪೆಯಲ್ಲೇ ಮದುವೆಯಾದವರು. ದೋಣಿ ಬರುವ ಹೊತ್ತನ್ನು ಗಾಳಿಯಲ್ಲೇ ಹೇಳಬಲ್ಲವರು. ಅಂಥವರು ಬಾರ್ಸಿಲೋನಾ, ಮಾರ್ಸೇ, ನೀಸ್ ಎಂಬ ಮೂರು ಕಡಲೂರುಗಳನ್ನು ಸುತ್ತಿ, ಒಮ್ಮೆಯೂ ಪಾದ ಒದ್ದೆ ಮಾಡಿಕೊಳ್ಳದೆ ಮರಳಿದರು. ಯುರೋಪಿನಲ್ಲಿ ಕೈಗೆಟಕುವ ಖರ್ಚಿನಲ್ಲಿ ರಜೆ ಕಳೆಯುವುದು ಹೇಗೆ ಎಂದು ಊರಿನಿಂದ, ಬೆಂಗಳೂರಿನಿಂದ ಸ್ನೇಹಿತರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಸಾಲು.

ನಡುರಾತ್ರಿಯ ಬಸ್ಸು

2018ರ ಆ ಹೋಗುವ ವಿಮಾನದ ಟಿಕೆಟ್ಟು ಒಬ್ಬರಿಗೆ 19 ಯೂರೋ. ಅದನ್ನು ನೋಡಿದ ಕ್ಷಣದಲ್ಲೇ ರಜೆಯ ದಿನಾಂಕ, ಊರು, ಹೊತ್ತು ಎಲ್ಲವೂ ತೀರ್ಮಾನವಾಗಿಬಿಟ್ಟಿತು. ನಾನು ತೀರ್ಮಾನಿಸಿದ್ದು ಏನೂ ಇರಲಿಲ್ಲ. ಟಿಕೆಟ್ಟಿನ ಮೇಲೆ ಬಾರ್ಸಿಲೋನಾದ ಹೆಸರಿತ್ತು. ಇಳಿದದ್ದು ಇನ್ನೊಂದು ಊರಿನ ಪಕ್ಕದ ನಿಲ್ದಾಣದಲ್ಲಿ, ರಾತ್ರಿ ಹನ್ನೊಂದಕ್ಕೆ. ಯುರೋಪಿನಲ್ಲಿ ಇದು ವಿಶೇಷವೇನಲ್ಲ. ಪ್ಯಾರಿಸ್ಸಿನ ಹೆಸರು ಸೇರಿಸಿಕೊಂಡ ಬೋವೆ ನಿಲ್ದಾಣ ಪ್ಯಾರಿಸ್ಸಿನಿಂದ 80 ಕಿಲೋಮೀಟರಿಗೂ ದೂರ. ಫ್ರಾಂಕ್‌ಫರ್ಟಿನ ಹೆಸರು ಹೊತ್ತ ಹಾನ್ ನಿಲ್ದಾಣ ಆ ನಗರದಿಂದ ಸುಮಾರು 120 ಕಿಲೋಮೀಟರ್. ನಕ್ಷೆ ತೆರೆದು ನೋಡುವವರಿಗೆ ಇದು ಒಂದು ನಿಮಿಷದ ಕೆಲಸ. ನಾನು ಬೆಲೆ ನೋಡಿದ್ದೆ, ನಕ್ಷೆ ನೋಡಿರಲಿಲ್ಲ.

ಆ ನಿಲ್ದಾಣದಿಂದ ಬಾರ್ಸಿಲೋನಾಕ್ಕೆ ಹೋದ ಬಸ್ಸಿನೊಳಗಿನ ಒಂದು ಗಂಟೆಯನ್ನು ಈಗಲೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ದೀಪ ಆರಿಸಿದ್ದರು. ಮೂರು ವರ್ಷದ ಮಗಳು ಅಜ್ಜನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಮ್ಮ ಊದಿದ ಬಲ ಮಂಡಿಯನ್ನು ಸೀಟುಗಳ ನಡುವಿನ ದಾರಿಗೆ ಚಾಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ ನೇರವಾಗಿ ಕೂತಿದ್ದರು. ಮಲಗಿರಲಿಲ್ಲ. ಯಾರಾದರೂ ಹಾದುಹೋಗುವಾಗ ಕಾಲು ಮಡಚಿಕೊಂಡು, ಅವರು ಹೋದ ಮೇಲೆ ಮತ್ತೆ ಚಾಚುತ್ತಿದ್ದರು. ಏನಾದರೂ ಬೇಕೇ ಎಂದು ಕೇಳಿದೆ. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು: 'ನೀನು ಮಲಗು, ನಿನಗೆ ನಾಳೆ ಎಲ್ಲ ತೋರಿಸುವ ಕೆಲಸ ಇದೆ.'

'ಎಲ್ಲ ತೋರಿಸುವ ಕೆಲಸ.' ಹೊರದೇಶದಲ್ಲಿರುವ ನಮ್ಮಂಥ ಮಕ್ಕಳೆಲ್ಲರ ರಜೆಯ ಯೋಜನೆ ಹುಟ್ಟುವುದೇ ಇಲ್ಲಿಂದ. ವೀಸಾಕ್ಕೆ ದಾಖಲೆ ಹೊಂದಿಸಿ, ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಹತ್ತು ಗಂಟೆಗೂ ಮಿಕ್ಕಿ ವಿಮಾನದಲ್ಲಿ ಕೂತು ಅವರು ಬರುತ್ತಾರೆ. ಮತ್ತೆ ಬರುತ್ತಾರೋ ಇಲ್ಲವೋ ಎಂಬ ಅಂಜಿಕೆ ನಮ್ಮ ಹೊಟ್ಟೆಯೊಳಗಿರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಆ ಅಂಜಿಕೆಯೇ ಅವಸರವಾಗುತ್ತದೆ. ಇಷ್ಟು ದೂರ ಬಂದಿದ್ದಾರೆ, ಪಕ್ಕದ ಊರನ್ನೂ ಸೇರಿಸಿಬಿಡೋಣ ಎನ್ನುತ್ತೇವೆ. ಎರಡು ದಿನಕ್ಕೊಂದು ಊರಾದರೆ ಆರು ದಿನಗಳಲ್ಲಿ ಮೂರು ದಿನ ಪೆಟ್ಟಿಗೆ ಕಟ್ಟುವುದಕ್ಕೆ, ಬಿಚ್ಚುವುದಕ್ಕೆ, ಕೀಲಿ ಕೊಡುವವರಿಗಾಗಿ ಬೀದಿಯಲ್ಲಿ ಕಾಯುವುದಕ್ಕೆ ಹೋಗುತ್ತದೆ. ಖರ್ಚೂ ಅಲ್ಲೇ ಹುಟ್ಟುತ್ತದೆ. ದಣಿದ ಕುಟುಂಬ ಟ್ಯಾಕ್ಸಿ ಹಿಡಿಯುತ್ತದೆ. ಹಸಿದು ಸೋತವರು ಕಣ್ಣಿಗೆ ಮೊದಲು ಬಿದ್ದ ಹೋಟೆಲಿನಲ್ಲಿ, ಚರ್ಚಿನೆದುರಿನ ಚೌಕದಲ್ಲಿ, ದುಪ್ಪಟ್ಟು ಕೊಟ್ಟು ಉಣ್ಣುತ್ತಾರೆ. ಅಪ್ಪನ ಎರಡು ಪುಟಗಳನ್ನು ಮತ್ತೆ ಮತ್ತೆ ಓದಿದ್ದೇನೆ. ಅದರಲ್ಲಿ ಅರ್ಧದಷ್ಟು ದಣಿವಿಗೆ ಕೊಟ್ಟ ಹಣ.

ಬೂಟು ಕೈಯಲ್ಲಿ ಹಿಡಿದ ಹೆಂಗಸು

ಬೇರೆ ದಾರಿ ಹೊಳೆದದ್ದು ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ. 2022ರಲ್ಲಿ ಕೆಲಸದ ಮೇಲೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವಿತ್ತು. ಆ ಊರು, ಸೋಪೊಟ್, ಗ್ದಿನ್ಯಾ ಎಂಬ ಮೂರು ಊರುಗಳನ್ನು ಒಂದೇ ಲೋಕಲ್ ರೈಲು ಪೋಣಿಸುತ್ತದೆ. ಕಚೇರಿ ಚೀಲ ಹಿಡಿದವರ ನಡುವೆ ನಿಂತು ಇಪ್ಪತ್ತು ನಿಮಿಷ ಹೋಗಿ ಸೋಪೊಟ್‌ನಲ್ಲಿ ಇಳಿದೆ. ಹತ್ತು ಹದಿನೈದು ನಿಮಿಷ ಇಳಿಜಾರು ನಡೆದರೆ ಬಾಲ್ಟಿಕ್ ಸಮುದ್ರ, ನೀರಿನೊಳಕ್ಕೆ ಅರ್ಧ ಕಿಲೋಮೀಟರ್ ಚಾಚಿದ ಮರದ ಕಟ್ಟೆ. ಮರಳಿನ ಅಂಚಿನಲ್ಲಿ ಕೆಲಸದ ಉಡುಪಿನ ಒಬ್ಬ ಹೆಂಗಸು ಬೂಟುಗಳನ್ನು ಕೈಯಲ್ಲಿ ಹಿಡಿದು, ಮೀನಖಂಡದವರೆಗೆ ನೀರಿನಲ್ಲಿ ಸುಮ್ಮನೆ ನಿಂತಿದ್ದರು. ಹತ್ತು ನಿಮಿಷದ ನಂತರ ಕಾಲು ಒರೆಸಿಕೊಂಡು ಅದೇ ರೈಲಿನತ್ತ ನಡೆದರು. ಅವರ ಪಾಲಿಗೆ ಕಡಲು ದಿನದ ಒಂದು ಭಾಗ. ಮಲ್ಪೆಯಲ್ಲಿ ಅಮ್ಮನಿಗೂ ಹಾಗೆಯೇ.

ಅಂದಿನಿಂದ ನಾನು ಟಿಕೆಟ್ಟಿನ ಬೆಲೆಯಿಂದ ಶುರು ಮಾಡುವುದನ್ನು ಬಿಟ್ಟೆ. ಮೊದಲು ನಗರಗಳ ಸ್ಥಳೀಯ ಸಾರಿಗೆಯ ನಕ್ಷೆ ತೆರೆಯುತ್ತೇನೆ. ದಿನವೂ ಕೆಲಸಕ್ಕೆ ಹೋಗುವವರ ರೈಲು, ಟ್ರಾಮು, ಬಸ್ಸು ಎಲ್ಲಿ ಕಡಲು ಮುಟ್ಟುತ್ತದೆ ಎಂದು ಹುಡುಕುತ್ತೇನೆ. ಪೋರ್ಚುಗಲ್ಲಿನ ಪೋರ್ಟೊದ ಮೆಟ್ರೊ ಮಾತೋಝಿನ್ಯೂಶ್‌ಗೆ ಹೋಗುತ್ತದೆ. ಅಲ್ಲಿ ಮೀನು ಸುಡುವ ಹೊಗೆಯ ಬೀದಿಗಳೂ ಉದ್ದನೆಯ ಮರಳೂ ಇವೆ. ಸ್ಪೇನಿನ ವಲೆನ್ಸಿಯಾದ ಟ್ರಾಮು ಮಾಲ್ವರೋಸಾ ಕಡಲತೀರಕ್ಕೆ ತಂದು ಬಿಡುತ್ತದೆ. ಅಥೆನ್ಸ್‌ನ ನಡುಭಾಗದಿಂದ ಟ್ರಾಮು ಹತ್ತಿದರೆ ಗ್ಲಿಫಾದಾ, ವೂಲಾದ ದಡದುದ್ದಕ್ಕೂ ಹೋಗಬಹುದು. ಇಟಲಿಯ ಬಾರಿ ನಗರದಿಂದ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ ಸಾಗಿದರೆ ಬಂಡೆಯಂಚಿನ ಪೊಲಿನ್ಯಾನೊ. ಈ ಊರುಗಳು ಅಗ್ಗವಾಗುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಮಾತ್ರ ತೆರೆಯುವ ಕಡಲತೀರದ ಊರು ವರ್ಷದ ಸಂಪಾದನೆಯನ್ನೆಲ್ಲ ಆ ನಾಲ್ಕು ತಿಂಗಳಲ್ಲಿ ಬಂದವರಿಂದಲೇ ಎತ್ತಬೇಕು. ದುಡಿಯುವ ನಗರ ಹಾಗಲ್ಲ. ಅಲ್ಲಿ ಗಾರೆ ಕೆಲಸದವರಿಗೆ, ಗುಮಾಸ್ತರಿಗೆ ಮಧ್ಯಾಹ್ನದ ಊಟ ಬೇಕು, ವ್ಯಾಪಾರಕ್ಕೆ ಬಂದವನಿಗೆ ಒಂದು ರಾತ್ರಿಯ ಕೋಣೆ ಬೇಕು, ಶಾಲೆಯ ಮಕ್ಕಳಿಗೆ ರೈಲು ಬೇಕು. ನಾವು ಹೋಗದಿದ್ದರೂ ಅವೆಲ್ಲ ಇದ್ದೇ ಇರುತ್ತವೆ, ಅವರ ಸಂಬಳಕ್ಕೆ ನಿಲುಕುವ ಬೆಲೆಯಲ್ಲಿ.

ಊರಿನ ನಂತರ ನಾನು ಎರಡನೆಯದಾಗಿ ನೋಡುವುದು ತಿಂಗಳು. ಕಡಲು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮೇ ತಿಂಗಳಲ್ಲಿ ಬಿಸಿಲು ಚುರುಕಾಗಿದ್ದರೂ ನೀರು ಚಳಿಗಾಲದ ನೆನಪಿನಲ್ಲೇ ಇರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜನ ಮರಳಿದ ಮೇಲೂ ನೀರು ಬೇಸಿಗೆಯ ಶಾಖವನ್ನು ಹಿಡಿದುಕೊಂಡಿರುತ್ತದೆ. ಕೋಣೆಯ ಬಾಡಿಗೆ ಮಾತ್ರ ನೀರಿನ ಶಾಖವನ್ನಲ್ಲ, ಶಾಲೆಗಳ ಪಂಚಾಂಗವನ್ನು ಅನುಸರಿಸುತ್ತದೆ. ನಮ್ಮ ಮಗಳು ಶಾಲೆಗೆ ಹೋಗುವವಳಾದ್ದರಿಂದ ನಮಗೆ ಆಯ್ಕೆ ಕಡಿಮೆ. ಆದರೂ ಜರ್ಮನಿಯ ರಾಜ್ಯಗಳು ಶರತ್ಕಾಲದ ರಜೆಯನ್ನು ಬೇರೆ ಬೇರೆ ವಾರಗಳಿಗೆ ಹಂಚಿಕೊಂಡಿವೆ. ಶನಿವಾರ ಹೊರಡುವ ಬದಲು ಮಂಗಳವಾರ ಹೊರಟರೆ ಟಿಕೆಟ್ಟಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗುತ್ತದೆ.

ಊರಿನಿಂದ ತಂದೆ ತಾಯಿಯನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2018ರಲ್ಲಿ 60 ಯೂರೋ ಇತ್ತು. 2020ರಲ್ಲಿ 80 ಆಯಿತು, 2024ರ ಜೂನ್‌ನಿಂದ 90. ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಬೇಕೇ ಬೇಕು. ಆದರೆ 2024ರ ಏಪ್ರಿಲ್‌ನಿಂದ ಭಾರತದಲ್ಲಿರುವ ಭಾರತೀಯರಿಗೆ ಒಂದು ಅನುಕೂಲವಾಗಿದೆ: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶದ ವೀಸಾ ಸಿಗಬಹುದು, ಅದರ ನಂತರ ಐದು ವರ್ಷದ್ದು. ಮತ್ತೆ ಬರುವ ದಾರಿ ತೆರೆದಿದೆ ಎಂದು ತಿಳಿದಾಗ ಆ ಹಳೆಯ ಅವಸರ ಎಷ್ಟೋ ಇಳಿಯುತ್ತದೆ.

ಅಲ್ಕಾಂತರಾದ ಆರು ರಾತ್ರಿ

2024ರ ಅಕ್ಟೋಬರ್‌ನಲ್ಲಿ ಅಪ್ಪ, ಅಮ್ಮ ಎರಡನೆಯ ಸಲ ಬಂದಾಗ ಪೋರ್ಚುಗಲ್ಲಿನ ಲಿಸ್ಬನ್ ಆರಿಸಿದೆವು. ಒಂದೇ ಊರು, ಆರು ರಾತ್ರಿ. ಹಗಲಲ್ಲಿ ಇಳಿಯುವ ವಿಮಾನಕ್ಕೆ ಹೋಗಿಬರಲು ಒಬ್ಬರಿಗೆ 130 ಯೂರೋ ಕೊಟ್ಟೆವು. 19ರ ಟಿಕೆಟ್ಟಿನ ಮುಂದೆ ಇದು ದುಬಾರಿ. ಆದರೆ ಲಿಸ್ಬನ್‌ನ ವಿಮಾನ ನಿಲ್ದಾಣ ಊರೊಳಗೇ ಇದೆ, 2012ರಿಂದ ಮೆಟ್ರೊ ಅಲ್ಲಿಗೇ ಬರುತ್ತದೆ. ಪ್ರತಿಯೊಬ್ಬರಿಗೂ ಅರ್ಧ ಯೂರೋದ ಒಂದು ಕಾರ್ಡು ಕೊಂಡು ಹಣ ತುಂಬಿಸಿದರೆ ಮೆಟ್ರೊ, ಟ್ರಾಮು, ದೋಣಿ, ಕಡಲ ದಡದ ರೈಲು ಎಲ್ಲಕ್ಕೂ ಅದೇ ಸಾಕು. ಒಂದೇ ಕಾರ್ಡಿನಲ್ಲಿ ಐವರು ಹೋಗಲಾಗದು, ಅದನ್ನು ನೆನಪಿಡಬೇಕು.

ತಂಗುವುದಕ್ಕೆ ಎಲ್ಲರೂ ಹೇಳುವ ಹಳೆಯ ಬಡಾವಣೆ ಅಲ್ಫಾಮಾವನ್ನು ಬಿಟ್ಟೆವು. ಅಲ್ಲಿನ ಮೆಟ್ಟಿಲು ಬೀದಿಗಳು ಅಮ್ಮನ ಮಂಡಿಗೆ ಆಗುವಂಥವಲ್ಲ. ಇನ್ನೊಂದು ಕಾರಣವನ್ನೂ ಹೇಳಲೇಬೇಕು. ಅಲ್ಲಿ ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಮನೆಗಳಾಗಿ, ಹುಟ್ಟಿ ಬೆಳೆದವರೇ ಬಾಡಿಗೆ ಕೊಡಲಾಗದೆ ಹೊರಬೀಳುತ್ತಿದ್ದಾರೆ. ಅದರ ವಿರುದ್ಧ ಜನ ಬೀದಿಗಿಳಿದಿದ್ದಾರೆ. ಐದು ಜನಕ್ಕೆ ಅಡುಗೆಮನೆಯಿರುವ ಫ್ಲ್ಯಾಟು ಅಗ್ಗವೇ ಇರಬಹುದು. ಆದರೆ ಒಬ್ಬ ಅಜ್ಜಿ ತನ್ನ ಬೀದಿ ಬಿಟ್ಟು ಹೋಗಬೇಕಾಗಿ ಬಂದ ಮನೆಯಲ್ಲಿ ನನ್ನ ಅಮ್ಮನನ್ನು ಮಲಗಿಸಲು ನನಗೆ ಮನಸ್ಸಾಗಲಿಲ್ಲ. ನದಿಯ ಪಕ್ಕದ ಸಮತಟ್ಟಾದ ಅಲ್ಕಾಂತರಾದಲ್ಲಿ, ಒಂದು ಕುಟುಂಬ ನಡೆಸುವ ಹಳೆಯ ವಸತಿಗೃಹದಲ್ಲಿ ಎರಡು ಕೋಣೆ ಹಿಡಿದೆವು. ಲಿಫ್ಟ್ ಇತ್ತು, ರೈಲು ನಿಲ್ದಾಣ ಏಳು ನಿಮಿಷದ ನಡಿಗೆ. ಕೋಣೆಗೆ ರಾತ್ರಿಗೆ 70 ಯೂರೋ. ನಗರದ ಪ್ರವಾಸಿ ತೆರಿಗೆ ಆ ಸೆಪ್ಟೆಂಬರ್‌ನಲ್ಲಷ್ಟೇ 2ರಿಂದ 4 ಯೂರೋಗೆ ಏರಿತ್ತು. ನಾಲ್ಕು ದೊಡ್ಡವರಿಗೆ, ಆರು ರಾತ್ರಿಗೆ 96. ಅಪ್ಪ ಅದನ್ನು ಬೇರೆಯೇ ಸಾಲಿನಲ್ಲಿ ಬರೆದುಕೊಂಡರು.

ಮೊದಲ ಸಂಜೆ ಕಿಟಕಿ ತೆರೆದಾಗ ಜೇನುಹುಳುಗಳ ಹಿಂಡಿನಂಥ ಒಂದೇ ಸಮನಾದ ಸದ್ದು. ನೆತ್ತಿಯ ಮೇಲೆ ಹಾದುಹೋಗುವ, 'ಏಪ್ರಿಲ್ 25' ಎಂಬ ಹೆಸರಿನ ಸೇತುವೆಯದು. ಅದರ ಮೇಲ್ಮೈಯ ಕಬ್ಬಿಣದ ಜಾಲರಿಯ ಮೇಲೆ ಗಾಲಿಗಳು ಉರುಳುವಾಗ ಹಾಗೆ ಕೇಳಿಸುತ್ತದೆ. ಮನೆಯೊಡತಿ ಕೀಲಿ ಕೊಡುತ್ತ 'ಶಾವಿ' ಎಂದರು. ಅಪ್ಪ ತಟ್ಟನೆ 'ಚಾವಿ' ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಆರು ದಿನವೂ ಅವರಿಬ್ಬರಿಗೆ ಅದೇ ಕೆಲಸ: ಅರ್ಮಾರಿಯು, ಅಲಮಾರು; ಬತಾತ, ಬಟಾಟೆ; ಅನನಾಶ್, ಅನಾನಸು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆಕೆಗೂ ಹಾಗೆಯೇ. ನಾನು ಹಣ ಕೊಟ್ಟು ಏರ್ಪಡಿಸಬಹುದಾದ ಯಾವ ಪ್ರವಾಸಿ ಆಕರ್ಷಣೆಯೂ ಅಪ್ಪನ ಮುಖಕ್ಕೆ ಆ ಹೊಳಪನ್ನು ತರುತ್ತಿರಲಿಲ್ಲ. ಒಂದೇ ಕಡೆ ಆರು ರಾತ್ರಿ ಉಳಿದಿದ್ದರಿಂದ ಅದು ಸಾಧ್ಯವಾಯಿತು.

ದೊಡ್ಡ ಊಟ ಮಧ್ಯಾಹ್ನ ಮಾಡಿದೆವು. ಸಣ್ಣ ಊಟದ ಮನೆಗಳಲ್ಲಿ 'ದಿನದ ತಟ್ಟೆ' ಎಂದು ಕಾಗದದಲ್ಲಿ ಬರೆದು ಅಂಟಿಸಿರುತ್ತಾರೆ. ಸುಟ್ಟ ಮೀನು, ಬೇಯಿಸಿದ ಬಟಾಟೆ, ಸೊಪ್ಪು. ಐದು ಜನಕ್ಕೆ 55 ಯೂರೋ ದಾಟಲಿಲ್ಲ. ಕೂತ ಕೂಡಲೇ ತಂದಿಡುವ ಬ್ರೆಡ್ಡು, ಆಲಿವ್ ಕಾಯಿಯನ್ನು ತಿಂದರೆ ಬಿಲ್ಲಿಗೆ ಸೇರುತ್ತದೆ, ಬೇಡವೆಂದರೆ ಬೇಸರವಿಲ್ಲದೆ ಒಯ್ಯುತ್ತಾರೆ. ರಾತ್ರಿಗೆ ಹಣ್ಣು, ಬ್ರೆಡ್ಡು, ಮೊಸರು ಸಾಕಾಗುತ್ತಿತ್ತು. ಮಾರುಕಟ್ಟೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಹಲಗೆಯಂಥ ತುಂಡುಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಒಣಮೀನಿಗೆ ಇಷ್ಟು ಮರ್ಯಾದೆಯ ಅಂಗಡಿ ಇರುವುದನ್ನು ಅವರು ಮೊದಲು ನೋಡಿದ್ದು ಇಲ್ಲಿ.

ಊರಿನ ಇನ್ನೊಂದು ಭಾಗವಾದ ಬೆಲೇಂಗೆ ಹೋದ ದಿನ ಮಳೆ ಬಂದು ನಿಂತಿತ್ತು. ನದಿಯಂಚಿನಲ್ಲಿ 1960ರಲ್ಲಿ ಕಟ್ಟಿದ ನಾವಿಕರ ಸ್ಮಾರಕವಿದೆ. ಅದರ ಮುಂದಿನ ನೆಲದಲ್ಲಿ ಕಲ್ಲುಗಳನ್ನು ಜೋಡಿಸಿ ಮಾಡಿದ ಲೋಕದ ನಕ್ಷೆ. ಒದ್ದೆ ಕಲ್ಲಿನ ಮೇಲೆ ನಮ್ಮ ಕರಾವಳಿ ಅಂಗೈಯಷ್ಟು. ಅಲ್ಲಿ ನಿಂತು ಅಪ್ಪ ಮೊಮ್ಮಗಳಿಗೆ ಎರಡು ಕಥೆ ಹೇಳಿದರು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ವಾಸ್ಕೋ ಡ ಗಾಮಾ ಇಳಿದಿದ್ದನೆಂದು ಊರಿನಲ್ಲಿ ಹೇಳಿಕೊಂಡು ಬಂದ ಕಥೆ ಒಂದು. ಅದೇ ಪೋರ್ಚುಗೀಸರೊಡನೆ ಕಾದಾಡಿದ ಉಳ್ಳಾಲದ ಅಬ್ಬಕ್ಕ ರಾಣಿಯದು ಇನ್ನೊಂದು. ಕಲ್ಲಿನ ನಾವಿಕರ ಸಾಲಿನ ಕೆಳಗೆ, ಗಟ್ಟಿ ದನಿಯಲ್ಲಿ, ತುಳುವಿನಲ್ಲಿ ಹೇಳಿದರು. ಕಲೋನ್‌ನಲ್ಲಿ ಹುಟ್ಟಿದ ಒಂಬತ್ತು ವರ್ಷದ ಹುಡುಗಿ ಅಬ್ಬಕ್ಕನ ಹೆಸರನ್ನು ಮೊದಲು ಕೇಳಿದ್ದು ಅಲ್ಲಿ.

ಅಳಿವೆ

ಲಿಸ್ಬನ್ನಿನ ಕಾಯಿಶ್ ದು ಸುದ್ರೇ ನಿಲ್ದಾಣದಿಂದ ಕಡಲೂರು ಕಶ್ಕಾಯಿಶ್‌ವರೆಗೆ ಹೋಗುವ ರೈಲು ಮಾರ್ಗ 26 ಕಿಲೋಮೀಟರಿನಷ್ಟು, ನಲವತ್ತು ನಿಮಿಷದ ದಾರಿ. ಅದರ ಮೊದಲ ತುಂಡು 1889ರಲ್ಲೇ ತೆರೆಯಿತು. ಟಿಕೆಟ್ಟು ಒಬ್ಬರಿಗೆ ಎರಡೂವರೆ ಯೂರೋ ಮೀರಲಿಲ್ಲ. ಹೋಗುವಾಗ ಎಡಬದಿಯ ಕಿಟಕಿ ಹಿಡಿಯಬೇಕು. ಹಳಿ ನೀರಿನಂಚಿನಲ್ಲೇ ಸಾಗುತ್ತದೆ. ಅಮ್ಮ ಕಿಟಕಿಗೆ ಕೂತರು. ಬಹಳ ಹೊತ್ತು ತೇಜು ನದಿಯ ಕಂದು ಛಾಯೆಯ ನೀರು. ನಾನು ನಕ್ಷೆಯಲ್ಲಿ ಬೆರಳಿಟ್ಟು ನಿಲ್ದಾಣ ಎಣಿಸುತ್ತಿದ್ದೆ. ಓಯಿರಶ್ ದಾಟುವ ಹೊತ್ತಿಗೆ ಅಮ್ಮ, ಯಾರಿಗೂ ಅಲ್ಲ ಎಂಬಂತೆ, 'ಅಳಿವೆ ಮುಗಿಯಿತು' ಎಂದರು. ನೋಡಿದರೆ ನೀರಿನ ಬಣ್ಣ ಬದಲಾಗಿತ್ತು, ಅಲೆ ಉದ್ದವಾಗಿತ್ತು. ನಕ್ಷೆಯಲ್ಲಿ ನದಿಯ ಬಾಯಿ ಸರಿಯಾಗಿ ಅಲ್ಲೇ ಇತ್ತು. ಉದ್ಯಾವರ ಹೊಳೆ ಕಡಲು ಸೇರುವುದನ್ನು ಅರವತ್ತು ವರ್ಷ ನೋಡಿದ ಕಣ್ಣು ಅದು.

ಕಾರ್ಕವೇಲುಶ್‌ನಲ್ಲಿ ಇಳಿದೆವು. ನಿಲ್ದಾಣದಿಂದ ಹದಿನೈದು ನಿಮಿಷ, ಅಮ್ಮನ ನಡಿಗೆಯಲ್ಲಿ ಅರ್ಧ ಗಂಟೆ. ಅವಸರವಿರಲಿಲ್ಲ, ಸಂಜೆಯವರೆಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ. ಅಗಲವಾದ ಮರಳು, ತುದಿಯಲ್ಲಿ ಹಳೆಯ ಕೋಟೆ, ಅಲೆಹಲಗೆ ಹಿಡಿದ ಹುಡುಗರು. ಅಮ್ಮ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ನನ್ನ ಹೆಂಡತಿಯ ಕೈ ಊರಿಕೊಂಡು ನೀರಿಗಿಳಿದರು. ಮೊದಲ ಅಲೆ ತಾಗಿದ್ದೇ ತಡ, ಉಸಿರೆಳೆದುಕೊಂಡು, 'ಮೀನಿನ ಪೆಟ್ಟಿಗೆಯ ಐಸು ಕರಗಿದ ನೀರು ಇದು' ಎಂದರು. ಮಲ್ಪೆಯ ಕಡಲು ಬೆಚ್ಚಗೆ, ಇದು ಅಟ್ಲಾಂಟಿಕ್. ಬೇಸಿಗೆಯುದ್ದಕ್ಕೂ ಬೀಸುವ ಬಡಗಣ ಗಾಳಿ ಮೇಲಿನ ನೀರನ್ನು ದಡದಿಂದಾಚೆ ತಳ್ಳಿ, ಆಳದ ತಣ್ಣೀರನ್ನು ಮೇಲಕ್ಕೆಳೆಯುತ್ತದೆ. ಆ ತಣ್ಣೀರಿನೊಡನೆ ಬರುವ ಸತ್ವದಿಂದಲೇ ಇಲ್ಲಿ ಸಾರ್ಡೀನ್ ಹುಲುಸು. ನಮ್ಮ ಕರಾವಳಿಯಲ್ಲಿ ಮಳೆಗಾಲದ ತಣ್ಣೀರಿನ ಹಿಂದೆ ಬೂತಾಯಿ, ಅಂದರೆ ನಮ್ಮ ಸಾರ್ಡೀನ್, ಬರುವುದೂ ಹೀಗೆಯೇ. ನಾನು ಇದನ್ನು ಹೇಳಿದಾಗ ಅಮ್ಮನಿಗೆ ಹೊಸದೆನಿಸಲಿಲ್ಲ. ನೀರು ತಣ್ಣಗಾದರೆ ಬೂತಾಯಿ ಬರುತ್ತದೆ, ಅದಕ್ಕೇನು ಎಂಬಂತೆ ತಲೆಯಾಡಿಸಿ, ಬಗ್ಗಿ, ಅಂಗೈಯಲ್ಲಿ ನೀರು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದರು, ಪಾದ ಮರಳಿನಲ್ಲಿ ಹೂತುಕೊಳ್ಳಲು ಬಿಟ್ಟು. ಮತ್ತೆರಡು ದಿನವೂ ಅಲ್ಲಿಗೇ ಹೋಗೋಣ ಎಂದರು, ಹೋದೆವು. ನಾನು ಪಟ್ಟಿ ಮಾಡಿದ್ದ ಸಿಂತ್ರಾದ ಅರಮನೆಗಳು ಹಾಗೆಯೇ ಉಳಿದವು.

ಕೊನೆಯ ರಾತ್ರಿ ಅಪ್ಪ ಕೂಡಿಸಿದ ಮೊತ್ತ 2018ರದ್ದಕ್ಕಿಂತ ಇನ್ನೂರು ಯೂರೋ ಕಡಿಮೆ ಬಂತು. ನಡುವೆ ಆರು ವರ್ಷದ ಬೆಲೆಯೇರಿಕೆ ಆಗಿದೆ, ಎಲ್ಲಿಯೋ ಒಂದು ಸಾಲು ಬಿಟ್ಟಿರಬೇಕೆಂದು ಮತ್ತೆ ಕೂಡಿಸಿದರು. ಅಷ್ಟೇ ಬಂತು. ಟ್ಯಾಕ್ಸಿ ಎಂಬ ಸಾಲು ಆ ಪುಟದಲ್ಲಿ ಇರಲಿಲ್ಲ.

ಈಗ ಇಟಲಿಯ ಟ್ರಿಯೆಸ್ಟೆಯ ನಕ್ಷೆ ತೆರೆದಿಟ್ಟುಕೊಂಡಿದ್ದೇನೆ. ಊರಿನ ಬಸ್ಸು ನೇರವಾಗಿ ಬಾರ್ಕೋಲಾದ ಕಡಲ ದಡಕ್ಕೆ ಹೋಗುತ್ತದೆ, ಸೆಪ್ಟೆಂಬರ್‌ನಲ್ಲಿ ಏಡ್ರಿಯಾಟಿಕ್ ಬೆಚ್ಚಗಿರುತ್ತದೆ, ಅಮ್ಮನಿಗೆ ಉಸಿರೆಳೆದುಕೊಳ್ಳುವ ಪ್ರಮೇಯವಿಲ್ಲ. ಆದರೆ ಅಲ್ಲಿ ಮರಳಿಲ್ಲ. ಕಾಂಕ್ರೀಟಿನ ಕಟ್ಟೆಯಿಂದ ನೀರಿಗೆ ಇಳಿಯಬೇಕು. ಅಮ್ಮನ ಮಂಡಿಗೆ ಕಳೆದ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಹಿಡಿಕೆಯಿರುವ ಮೆಟ್ಟಿಲು ಎಲ್ಲಿದೆ, ಎಷ್ಟು ಮೆಟ್ಟಿಲು ಎಂದು ಅಲ್ಲಿನ ವಸತಿಗೃಹದವರಿಗೆ ಬರೆದು ಕೇಳಿದ್ದೇನೆ. ಉತ್ತರ ಬರಲಿ, ಟಿಕೆಟ್ಟು ಆಮೇಲೆ ನೋಡುತ್ತೇನೆ.